ದಾದಾಸಾಬನ ತಪ್ಪಿಲ್ಲದ ನಕಲು

ವಿಜಯಪುರದ ಕೋರ್ಟಿನ ಆವರಣದಲ್ಲಿ ಯಾರನ್ನಾದರೂ ನಿಲ್ಲಿಸಿ, ಇಲ್ಲಿ ಕಾಯ್ದೆ ಎಲ್ಲರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಕೇಳಿ. ಮೊದಲು ಎರಡು ಮೂರು ದೊಡ್ಡ ವಕೀಲರ ಹೆಸರು ಹೇಳುತ್ತಾರೆ, ಅದು ಮರ್ಯಾದೆಗೆ. ಆಮೇಲೆ ದನಿ ತಗ್ಗಿಸಿ, "ಖರೇ ಹೇಳಬೇಕಂದ್ರ ವೇದವ್ಯಾಸ ವಕೀಲರ ದಾದಾಸಾಬಗ ಗೊತ್ತೈತ್ರಿ" ಎನ್ನುತ್ತಾರೆ.

ದಾದಾಸಾಬ ವಕೀಲನಲ್ಲ, ವಕೀಲರ ಗುಮಾಸ್ತ. ಟಿಕೋಟಾದಿಂದ ದಿನಾ ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತಿ ಬಂದು, ಸಾಹೇಬರ ಆಫೀಸಿನ ಬೀಗ ತೆಗೆದು, ಅಂದಿನ ಫೈಲುಗಳನ್ನು ಕೋರ್ಟಿನ ನಂಬರಿನಂತೆ ಜೋಡಿಸಿ ಇಡುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಯಾವ ದಾವೆಗೆ ಎಷ್ಟು ದಿನದಲ್ಲಿ ಉತ್ತರ ಹಾಕಬೇಕು, ಯಾವ ಶಿರಸ್ತೇದಾರ ಯಾವ ಕಾಗದಕ್ಕೆ ತಕರಾರು ತೆಗೆಯುತ್ತಾನೆ, ಮುದ್ದತು ಬೇಡಿ ವಿಚಾರಣೆ ಮುಂದೂಡಿಸುವುದಾದರೆ ಯಾವ ನ್ಯಾಯಾಧೀಶರನ್ನು ಊಟಕ್ಕೆ ಮೊದಲು ಕೇಳಬೇಕು, ಯಾರನ್ನು ಊಟದ ಮೇಲೆ ಕೇಳಬೇಕು, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಹೊಸದಾಗಿ ಕೋಟು ಹಾಕಿದ ಹುಡುಗರು ಸಾಹೇಬರನ್ನು ಕೇಳಲು ಹೆದರಿ ಅವನನ್ನೇ ಮೂಲೆಗೆ ಕರೆದು ಕೇಳುತ್ತಾರೆ. ಕೇಳಿ, ಹೇಳಿಸಿಕೊಂಡು, ಒಳಗೆ ಹೋಗಿ ತಾವೇ ಓದಿ ತಿಳಿದವರಂತೆ ವಾದ ಮಾಡುತ್ತಾರೆ. ಅವನಿಗೆ ಅದರಲ್ಲಿ ಬೇಜಾರಿರಲಿಲ್ಲ. ಬೇಜಾರು ಇದ್ದದ್ದು ಒಂದೇ, ಆ ಕರಿಯ ಕೋಟು ತನ್ನ ಮೈಮೇಲೆ ಬರಲಿಲ್ಲ ಎಂಬುದು. ಮೆಟ್ರಿಕ್ ಮುಗಿಸಿ ಟೈಪಿಂಗ್ ಕಲಿತಾಗ ಅವನ ಬೆನ್ನಿಗೆ ನಾಲ್ಕು ತಂಗಿಯರು. ಅವರ ಮದುವೆ ಮುಗಿಯುವ ಹೊತ್ತಿಗೆ ಅವನ ಓದುವ ವಯಸ್ಸೂ ಮುಗಿದಿತ್ತು.

ಅವನ ಹೆಸರು ನಿಂತದ್ದು ನಕಲಿನಲ್ಲಿ. ಮೂಲ ಕಾಗದದಲ್ಲಿ ಏನಿದೆಯೋ ಅದು, ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ. ಒಮ್ಮೆ ನಿಡೋಣಿಯ ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯದಲ್ಲಿ ಹಳೆಯ ಖರೀದಿ ಪತ್ರ ಬರೆದವನು ಹಳ್ಳವನ್ನು ಪೂರ್ವಕ್ಕೆ ತೋರಿಸುವ ಬದಲು ಪಶ್ಚಿಮಕ್ಕೆ ತೋರಿಸಿದ್ದ. ಎದುರಿನ ವಕೀಲರ ಟೈಪಿಸ್ಟ್ ಜಾಣ. ತಪ್ಪು ಕಂಡವನೇ ತಿದ್ದಿ ಬರೆದ. ದಾದಾಸಾಬ ತಪ್ಪನ್ನು ತಪ್ಪಾಗಿಯೇ ಬರೆದ. ಎರಡನ್ನೂ ಎದುರೆದುರು ಇಟ್ಟ ನ್ಯಾಯಾಧೀಶರು, ತಿದ್ದಿದ ಕಾಗದ ನಂಬಲು ಬಾರದು ಎಂದುಬಿಟ್ಟರು. ಆ ದಿನ ವೇದವ್ಯಾಸ ವಕೀಲರು ಹತ್ತು ಮಂದಿಯ ಎದುರು ಅವನ ಬೆನ್ನು ತಟ್ಟಿ, "ನಮ್ಮ ದಾದಾಸಾಬನ ಕೈಯಾಗ ಮಿದುಳು ಇಲ್ಲ, ಅದಕ್ಕs ಅದು ಇಷ್ಟು ಚೊಕ್ಕ ಅದ" ಎಂದರು. ಎಲ್ಲರೂ ನಕ್ಕರು. ದಾದಾಸಾಬನೂ ನಕ್ಕ. ಹೊಗಳಿಕೆಯೋ ಬೈಗುಳವೋ ತಿಳಿಯದ ಮಾತನ್ನು ಹೊಗಳಿಕೆ ಎಂದೇ ತಿಳಿದು ಮನೆಗೆ ಹೋಗಿ ಹೆಂಡತಿ ರಹಿಮಾಬಿಗೂ ಹೇಳಿದ.

ಇನ್ನು ಸರ್ಟಿಫಿಕೇಟಿನ ಸಂಗತಿ. ಕಾನೂನು ಓದುವ ಹುಡುಗರು ವರ್ಷಕ್ಕೆ ಇಷ್ಟು ವಾರ ಯಾರಾದರೂ ವಕೀಲರ ಹತ್ತಿರ ಕೆಲಸ ಕಲಿಯಬೇಕು, ದಿನಾ ಕಂಡದ್ದನ್ನು ಡೈರಿಯಲ್ಲಿ ಬರೆಯಬೇಕು, ಕೊನೆಗೆ ವಕೀಲರ ಸಹಿ ಇರುವ ಪ್ರಮಾಣಪತ್ರ ಕಾಲೇಜಿಗೆ ಕೊಡಬೇಕು. ಕಾಯ್ದೆ ಹೀಗೆ. ರೂಢಿ ಬೇರೆ. ಹುಡುಗರು ಒಂದು ದಿನ ಬರುತ್ತಾರೆ, ಚಹಾ ಕುಡಿಯುತ್ತಾರೆ, "ಕಾಕಾ, ಸ್ವಲ್ಪ ಮಾಡಿಕೊಡ್ರಿ" ಎಂದು ಖಾಲಿ ಡೈರಿ ಕೊಟ್ಟು ಹೋಗುತ್ತಾರೆ. ಗುಮಾಸ್ತ ಹಳೆಯ ಫೈಲು ನೋಡಿ ಕೇಸಿನ ನಂಬರು ತುಂಬುತ್ತಾನೆ, ಸಾಹೇಬರು ಓದದೆ ಸಹಿ ಮಾಡುತ್ತಾರೆ, ಕಾಲೇಜಿನವರು ನೋಡದೆ ಅಂಕ ಕೊಡುತ್ತಾರೆ. ಇದರಲ್ಲಿ ಸುಳ್ಳಿದೆ ಎಂದು ಯಾರಿಗೂ ಅನಿಸಿರಲಿಲ್ಲ. ದಾದಾಸಾಬನಿಗೂ ಅನಿಸಿರಲಿಲ್ಲ. ನೋಟರಿಯ ಎದುರು ದಿನಕ್ಕೆ ಇಪ್ಪತ್ತು ಪ್ರಮಾಣ ಮಾಡಿಸುವವನಿಗೆ ಹುಡುಗರ ಡೈರಿ ಯಾವ ಲೆಕ್ಕ!

ಆದರೆ ಅವನ ಮಗಳು ಸಾಯಿರಾ ದಿನಾ ಬಂದಳು. ಖರೇ ಬಂದಳು.

ಪಿಯುಸಿ ಮುಗಿಸಿ ನೇರ ಐದು ವರ್ಷದ ಕಾನೂನು ಕೋರ್ಸಿಗೆ ಸೇರಿದಾಗಲೇ ನ್ಯಾಯಾಧೀಶೆ ಆಗುತ್ತೇನೆ ಎಂದವಳು ಅವಳು. ರಜೆ ಬಂತೆಂದರೆ ಅಪ್ಪನ ಜೊತೆ ಅದೇ ಬಸ್ಸು, ಅದೇ ಆಫೀಸು. ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತು ಫೈಲು ಓದುವಳು, ಕೋರ್ಟಿನ ಹಿಂದಿನ ಸಾಲಿನಲ್ಲಿ ನಿಂತು ಪಾಟೀಸವಾಲು ಕೇಳುವಳು, ಸಂಜೆ ನಾಲ್ಕಕ್ಕೆ ಬಂದು ಡೈರಿ ಬರೆಯುವಳು. ಬೇರೆಯವರ ಡೈರಿಯಲ್ಲಿ "ವಾದ ಆಲಿಸಿದೆನು" ಎಂದಷ್ಟೇ ಇದ್ದರೆ ಇವಳದರಲ್ಲಿ ಪ್ರತಿ ಸಾಕ್ಷಿಯ ಮುಖವೂ ಇರುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಕಡೆ ಹೀಗೆ ಬರೆದಿದ್ದಳು: ಈ ಸಾಕ್ಷಿ ಸುಳ್ಳು ಹೇಳುವ ಮೊದಲು ಹೆಗಲ ಟವೆಲ್ ತೆಗೆದು ಕಟಕಟೆಯ ಮೇಲೆ ಮಡಚುತ್ತಾನೆ, ಖರೇ ಹೇಳುವಾಗ ಟವೆಲಿನ ನೆನಪೇ ಅವನಿಗಿರುವುದಿಲ್ಲ, ನನ್ನ ಅಜ್ಜನೂ ಹೀಗೇ ಮಾಡುತ್ತಿದ್ದ. ಡೈರಿಯನ್ನು ಮನೆಗೆ ಒಯ್ಯುತ್ತಿರಲಿಲ್ಲ. ವಾರಕ್ಕೊಮ್ಮೆ ಸಾಹೇಬರು ಸಹಿ ಹಾಕಬೇಕಲ್ಲ, ಆಫೀಸಿನ ಕಪಾಟಿನಲ್ಲೇ ಇಡುತ್ತಿದ್ದಳು.

ನಾಲ್ಕನೇ ವರ್ಷ ಮುಗಿಯುವಾಗ ದಿಲ್ಲಿಯಿಂದ ತೀರ್ಪು ಬಂತು. ಇನ್ನು ಮೇಲೆ ಕಾಲೇಜಿನಿಂದ ನೇರ ಬಂದವರು ನ್ಯಾಯಾಧೀಶರ ಪರೀಕ್ಷೆಗೆ ಕೂಡುವಂತಿಲ್ಲ, ಮೂರು ವರ್ಷ ವಕೀಲಿಕೆ ಮಾಡಿರಬೇಕು. ಆ ಮೂರು ವರ್ಷ ಎಲ್ಲಿ ಮಾಡುವುದು ಎಂಬುದೇ ಮನೆಯಲ್ಲಿ ಜಗಳಕ್ಕೆ ಕಾರಣವಾಯಿತು.

"ಇದರಾಗ ವಿಚಾರ ಮಾಡೂದು ಏನೈತಿ? ನಮ್ಮ ಸಾಹೇಬ್ರ ಆಫೀಸ್ ಐತಿ. ಮೂರು ವರ್ಷ ಕುಂತು ಏಳು," ಎಂದ ದಾದಾಸಾಬ.

"ಕುಂತು ಏಳಾಕ ಅದೇನ್ ಬಸ್ ಸ್ಟ್ಯಾಂಡ್ ಏನಬ್ಬಾ?" ಎಂದಳು ಸಾಯಿರಾ. "ಸಾಹೇಬ್ರ ಕೈಯಾಗ ಆರು ವರ್ಷದ ಜೂನಿಯರ್ ಇನ್ನೂ ಮುದ್ದತು ಕೇಳಾಕತ್ತಾನ. ವಕಾಲತ್ತಿನ್ಯಾಗ ಅವನ ಹೆಸರs ಇಲ್ಲ. ನಾಳೆ ಪರೀಕ್ಷಾಕ್ಕ ಪ್ರಾಕ್ಟೀಸ್ ಮಾಡೇನಿ ಅಂತ ಏನ್ ತೋರಸ್ಲಿ?"

ಅವಳ ಲೆಕ್ಕ ಬೇರೆ ಇತ್ತು. ಬೆಂಗಳೂರಿನ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ಕಂಪನಿಯ ಕರಾರು ನೋಡುವ ತಂಡವೊಂದು, ಕೋರ್ಟಿಗೆ ಹೋಗುವ ತಂಡವೊಂದು. ಕೊನೆಯ ವರ್ಷ ಆ ಕೋರ್ಟಿನ ತಂಡದಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ, ಕೆಲಸ ಮೆಚ್ಚಿದರೆ ಅವರೇ ಸೇರಿಸಿಕೊಳ್ಳುತ್ತಾರೆ. ಹೈಕೋರ್ಟಿನಲ್ಲಿ ಮೂರು ವರ್ಷ, ಹೆಸರಿನ ಸಮೇತ ದಾಖಲೆ. ಆಮೇಲೆ ಪರೀಕ್ಷೆ. ದಾದಾಸಾಬ ಒಳಗೊಳಗೇ ಮಗಳ ಮಾತು ಸರಿ ಎಂದು ಒಪ್ಪಿದ. ಬಾಯಿಬಿಟ್ಟು ಒಪ್ಪಲು ಒಂದು ತಿಂಗಳು ತೆಗೆದುಕೊಂಡ.

ಸಾಯಿರಾ ಐವತ್ತಾರು ಸಂಸ್ಥೆಗಳಿಗೆ ಅರ್ಜಿ ಕಳಿಸಿದಳು. ನಲವತ್ತೊಂಬತ್ತು ಕಡೆಯಿಂದ ಉಸಿರೇ ಇಲ್ಲ. ಐದು ಕಡೆಯಿಂದ ಕಂಪ್ಯೂಟರೇ ಬರೆದ ಧನ್ಯವಾದ. ಒಂದು ಕಡೆಯವರು, ನಿಮ್ಮ ಕಾಲೇಜು ನಮ್ಮ ಪಟ್ಟಿಯಲ್ಲಿಲ್ಲ ಎಂದು ಸಾಫ್ ಬರೆದರು. ಇನ್ನೊಬ್ಬರ ಅರ್ಜಿಯಲ್ಲಿ, ನಿಮ್ಮ ಕುಟುಂಬದಲ್ಲಿ ಯಾರಾದರೂ ಈ ವೃತ್ತಿಯಲ್ಲಿದ್ದಾರೆಯೇ ಎಂಬ ಪ್ರಶ್ನೆ ಇತ್ತು. ಅದರ ಮುಂದೆ ಅವಳು ಬಹಳ ಹೊತ್ತು ಕುಳಿತು "ನನ್ನ ತಂದೆ, ವಕೀಲರ ಗುಮಾಸ್ತ" ಎಂದು ಬರೆದಳು. ಉತ್ತರ ಬಂದದ್ದು ಅವರಿಂದಲೇ. ಕೋರ್ಟಿನ ತಂಡಕ್ಕೆ ಇಬ್ಬರನ್ನು ತೆಗೆದುಕೊಳ್ಳುತ್ತೇವೆ, ಹಿಂದಿನ ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ಮತ್ತು ಡೈರಿಯ ಪ್ರತಿ ಕಳಿಸಿ, ಆಮೇಲೆ ವಿಡಿಯೋದಲ್ಲಿ ಮಾತಾಡೋಣ ಎಂದಿತ್ತು. ರಹಿಮಾಬಿ ಬಬಲೇಶ್ವರದ ಸಂತೆಗೆ ಬಳೆ ಮಾರಲು ಹೋದವಳು ಅಲ್ಲಿಯ ದರ್ಜಿಗೆ ಹೇಳಿ ಮಗಳಿಗೆ ಕರಿಯ ಕೋಟು ಹೊಲಿಸಿಕೊಂಡೇ ಬಂದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಸಾಯಿರಾ ನಕ್ಕರೂ ಹಾಕಿ ನೋಡಿದಳು. ದಾದಾಸಾಬ ಭುಜದ ಮೇಲಿನ ದಾರದ ಎಳೆ ತೆಗೆದ.

ಈ ಸಂಭ್ರಮದ ಮೂರು ತಿಂಗಳು ಮೊದಲೇ ಅವನು ತನ್ನ ಕೈಯಾರೆ ಮಾಡಬಾರದ್ದನ್ನು ಮಾಡಿ ಮುಗಿಸಿದ್ದ.

ವೇದವ್ಯಾಸ ವಕೀಲರ ತಂಗಿಯ ಮಗ ಅನೂಪ. ದೂರದ ಹೆಸರುವಾಸಿ ಕಾಲೇಜಿನಲ್ಲಿ ಅವನೂ ಕಾನೂನು ಓದುತ್ತಿದ್ದ. ರಜೆಯಲ್ಲಿ ಮಾವನ ಆಫೀಸಿನಲ್ಲಿ ಆರು ವಾರ ಕಲಿಯುತ್ತೇನೆ ಎಂದು ಕಾಲೇಜಿಗೆ ಬರೆದುಕೊಟ್ಟವನು ಗೆಳೆಯರ ಜೊತೆ ಗೋವಾಕ್ಕೆ ಹೋದ. ರಜೆ ಮುಗಿಯಲು ಎರಡು ದಿನ ಇದೆ ಎನ್ನುವಾಗ ಸಾಹೇಬರು ಹೊಸ ಡೈರಿಯೊಂದನ್ನು ಮೇಜಿನ ಮೇಲಿಟ್ಟು, "ದಾದಾಸಾಬ, ಅನೂಪಂದು ಸ್ವಲ್ಪ ಛಲೋ ಮಾಡಿಕೊಡು. ಅವರ ಕಾಲೇಜ್ ಕಡಕ್ ಅದ. ಬರೇ ನಂಬರ್ ತುಂಬಿದ್ರ ನಡಿಯೂದಿಲ್ಲ," ಎಂದು ಊಟಕ್ಕೆ ಹೋದರು.

ಛಲೋ ಮಾಡಿಕೊಡು ಎಂದರೆ ಏನು ಮಾಡಬೇಕು? ಕಪಾಟಿನಲ್ಲಿ ಛಲೋ ಇದ್ದದ್ದು ಒಂದೇ ಡೈರಿ. ಅವೇ ಆರು ವಾರದ್ದು. ದಾದಾಸಾಬ ತೆಗೆದ, ಎದುರಿಗೆ ಇಟ್ಟುಕೊಂಡ, ಕನ್ನಡಕ ಏರಿಸಿದ, ಬರೆದ. ಮಗಳದೇ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನುವ ಪುಸ್ತಕ, ಯಾರು ಓದುತ್ತಾರೆ, ಮಗಳದ್ದೇನು ಸವೆಯುತ್ತದೆಯೇ ಎಂದುಕೊಂಡ. ಅವಳನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲಿಲ್ಲ. ಅಷ್ಟಾದರೂ ಹೋಗಲಿ, ನಾಲ್ಕು ಮಾತು ಹಿಂದೆ ಮುಂದೆ ಮಾಡಿ ಬರೆಯಬಹುದಿತ್ತಲ್ಲ! ಅದು ಅವನ ಕೈಗೆ ಬಾರದ ವಿದ್ಯೆ. ನಕಲು ಮಾಡುವಾಗ ಅವನ ಕಣ್ಣು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಟವೆಲಿನ ಮಾತೂ ಬಂತು, ಟವೆಲ್ ಮಡಚುವ ಅಜ್ಜನೂ ಬಂದ. ಅನೂಪನ ಅಜ್ಜ ಜೀವನದಲ್ಲಿ ಹೆಗಲಿಗೆ ಟವೆಲ್ ಹಾಕಿದವರಲ್ಲ. ನಿವೃತ್ತ ತಹಶೀಲ್ದಾರರು. ಸಂಜೆ ಐದರ ಹೊತ್ತಿಗೆ ಡೈರಿ ತಯಾರಾಯಿತು. ಸಾಹೇಬರು ಸಹಿ ಹಾಕಿದರು.

ವಿಡಿಯೋ ಸಂದರ್ಶನ ಬುಧವಾರ ಮಧ್ಯಾಹ್ನ ಮೂರಕ್ಕೆ. ದಾದಾಸಾಬ ಅಂದು ಅರ್ಧ ದಿನ ರಜೆ ಕೇಳಿ ಬಂದಿದ್ದ. ಸಾಯಿರಾ ಕೋಣೆಯಲ್ಲಿ ಬಿಳಿ ಗೋಡೆಗೆ ಬೆನ್ನು ಮಾಡಿ ಕುಳಿತಳು. ರಹಿಮಾಬಿ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದಳು. ಇವನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತು ಕಿವಿಯೆಲ್ಲ ಒಳಗಿಟ್ಟ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಕೋರ್ಟಿನ ಇಂಗ್ಲಿಷ್ ಅವನಿಗೆ ತಿಳಿಯುತ್ತದೆ. ಆ ಕಡೆಯ ಹೆಣ್ಣುಮಗಳ ದನಿ ಮೆತ್ತಗಿತ್ತು. ವಾಟ್ನಿಯ, ಅಂದರೆ ಆಸ್ತಿ ಹಂಚಿಕೆಯ, ದಾವೆಯಲ್ಲಿ ಹೆಣ್ಣುಮಕ್ಕಳ ಪಾಲು ಕೇಳಿದಳು, ಸಾಯಿರಾ ಹೇಳಿದಳು. ಪಾಟೀಸವಾಲಿನ ಬಗ್ಗೆ ಕೇಳಿದಳು, ಸಾಯಿರಾ ಇನ್ನೂ ಚೆನ್ನಾಗಿ ಹೇಳಿದಳು. ಆ ಕಡೆಯವಳು ಒಮ್ಮೆ ನಕ್ಕಳು ಕೂಡ. ಕಟ್ಟೆಯ ಮೇಲೆ ದಾದಾಸಾಬನ ಎದೆ ಉಬ್ಬಿತು.

ಆಮೇಲೆ ಆಕೆ ಕೇಳಿದಳು: "ಈ ಟವೆಲಿನ ಮಾತು ಬರೆದವರು ಯಾರು?"

"ನಾನು," ಎಂದಳು ಸಾಯಿರಾ.

"ಅನೂಪ ಎಂಬ ಇನ್ನೊಬ್ಬ ಅಭ್ಯರ್ಥಿಯ ಡೈರಿ ನನ್ನ ಮುಂದಿದೆ. ನಿಮಗಿಂತ ಎರಡು ವಾರ ಮೊದಲು ಬಂದದ್ದು. ಅದೇ ಆಫೀಸು, ಅವೇ ದಿನಗಳು, ಅದೇ ಮಾತು. ನಿಮ್ಮ ಒಂದು ಪುಟದಲ್ಲಿ ವಾಕ್ಯ ಅರ್ಧಕ್ಕೆ ನಿಂತಿದೆ, ಅವರದೂ ಅಲ್ಲೇ ನಿಂತಿದೆ. ಅವರು ಆ ಆಫೀಸಿನಲ್ಲಿ ನಿಮ್ಮ ಜೊತೆ ಇದ್ದರೇ?"

ಬಾಗಿಲ ಹೊರಗೆ ದಾದಾಸಾಬ ಕಟ್ಟೆಯಿಂದ ಎದ್ದು ನಿಂತ.

"ಇಲ್ಲ," ಎಂದಳು ಸಾಯಿರಾ. "ಒಂದು ದಿನವೂ ನೋಡಿಲ್ಲ. ಆ ಬೆಂಚಿನಲ್ಲಿ ನಾನೊಬ್ಬಳೇ ಇದ್ದೆ."

ಆ ಹೆಣ್ಣುಮಗಳು ಕೆಟ್ಟವಳಲ್ಲ. ನಿಮ್ಮ ಉತ್ತರ ಕೇಳಿದರೆ ನೀವೇ ಬರೆದದ್ದು ಅನಿಸುತ್ತದೆ, ಆದರೆ ನನಗೆ ಅನಿಸಿದ್ದನ್ನು ಪಾಲುದಾರರ ಮುಂದೆ ಇಡಲಾಗದು. ಶನಿವಾರ ಸಂಜೆ ಐದರೊಳಗೆ ಯಾವ ಡೈರಿ ಅಸಲು ಎಂದು ನಿಮ್ಮ ಸೀನಿಯರ್ ವಕೀಲರಿಂದ ಒಂದು ಪತ್ರ ತನ್ನಿ, ಅನೂಪನನ್ನೂ ಇದನ್ನೇ ಕೇಳುತ್ತೇನೆ ಎಂದಳು. ಇದಕ್ಕಿಂತ ಹೆಚ್ಚು ನ್ಯಾಯ ಯಾರು ಮಾಡುತ್ತಾರೆ? ಸಾಯಿರಾ ಹೊರಗೆ ಬಂದು, "ಅಬ್ಬಾ, ನನ್ನ ಡೈರಿ ಕಪಾಟಿನ್ಯಾಗಿಂದ ಯಾರೋ ಕದ್ದಾರ. ಸಾಹೇಬ್ರಿಗೆ ಹೇಳಿ ಒಂದು ಪತ್ರ ತಗೊಂಡ ಬಾ. ನಾ ದಿನಾ ಬಂದದ್ದು ಅವರು ಕಣ್ಣಾರೆ ನೋಡ್ಯಾರ," ಎಂದಳು. ಅವನು ತಲೆ ಆಡಿಸಿದ. ಕದ್ದವರು ಯಾರೆಂದು ಹೇಳುವ ಧೈರ್ಯ ಆ ಹೊತ್ತು ಬರಲಿಲ್ಲ. ಹೇಡಿ ಎಂದು ಬೈಯಬೇಕಾದರೆ ಇಲ್ಲೇ ಬೈಯಬೇಕು.

ಮರುದಿನ ಬಸ್ಸಿನಿಂದ ಊರಿನ ಹೊರಗೇ ಇಳಿದು ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿರುವ ಸಾಹೇಬರ ಮನೆಗೆ ಹೋದ. ವೇದವ್ಯಾಸ ವಕೀಲರು ಎಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಅವನಿಗೆ ಚಹಾ ತರಿಸಿದರು, ಅದೂ ಒಳಗಿನ ಕುರ್ಚಿಯ ಮೇಲೆ ಕೂಡಿಸಿ.

"ಮಗಳದು ಅಸಲು ಅಂತ ಬರದರ, ಅನೂಪಂದು ಸುಳ್ಳು ಅಂತ ನಾನs ಬರಕೊಟ್ಟಂಗ ಆತು. ಅದರ ಮ್ಯಾಲ ನನ್ನ ಸಹಿ ಅದ. ನನ್ನ ವಕೀಲಿ ಸನ್ನದಿಗೇ ಬರ್ತದಲ್ಲೋ."

"ಹೌದ್ರಿ ಸಾಹೇಬ್ರ. ಆದ್ರ ಆಕಿ ದಿನಾ ಬಂದಾಳ್ರಿ. ನೀವs ನೋಡೀರಿ."

"ನಾ ಇಲ್ಲ ಅಂದೆನೇನು? ಬಂಗಾರದಂಥ ಹುಡುಗಿ. ಇಬ್ಬರಿಗೂ ಛಲೋ ಆಗೂಹಂಗ ಮಾಡೋಣು, ಬಾ."

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ವಿದ್ಯೆಯಲ್ಲೇ ಆ ಮನೆ ಕಟ್ಟಿದವರು ಅವರು. ಆಫೀಸಿಗೆ ಬಂದು ನಿಂತುಕೊಂಡೇ ಪತ್ರ ಹೇಳಿದರು, ದಾದಾಸಾಬ ಟೈಪ್ ಮಾಡಿದ. ಕುಮಾರಿ ಸಾಯಿರಾ ಮತ್ತು ಶ್ರೀ ಅನೂಪ ಇಬ್ಬರೂ ಸದರಿ ಅವಧಿಯಲ್ಲಿ ನಮ್ಮ ಕಚೇರಿಯಲ್ಲಿ ಜೊತೆಯಾಗಿ ಕೆಲಸ ಕಲಿತಿದ್ದು, ಟಿಪ್ಪಣಿಗಳನ್ನು ಕೂಡಿಯೇ ಬರೆದುಕೊಂಡಿರುವ ಕಾರಣ ಎರಡೂ ಡೈರಿಗಳಲ್ಲಿ ಹೋಲಿಕೆ ಇರುತ್ತದೆ. ಇಷ್ಟೇ. ಇಂಗ್ಲಿಷಿನಲ್ಲಿ ಇನ್ನೂ ಚೆಂದ ಇತ್ತು. ಮಗಳು ಏನು ಉತ್ತರ ಕೊಟ್ಟಿದ್ದಾಳೆಂದು ಕಟ್ಟೆಯ ಮೇಲೆ ಕುಳಿತು ಕೇಳಿದವನು ಅವನು. ಬೆರಳು ಒಂದು ಕ್ಷಣ ನಿಂತಿತು. "ಯಾಕ ನಿಂತಿ?" ಎಂದರು ಸಾಹೇಬರು. ಬೆರಳು ಮುಂದೆ ಹೋಯಿತು. ಎರಡು ಪ್ರತಿ ತೆಗೆದ. ಒಂದನ್ನು ಸಾಹೇಬರು ಅಲ್ಲೇ ಫೋಟೋ ಹೊಡೆದು ಅನೂಪನಿಗೆ ಕಳಿಸಿದರು.

ಸಾಯಿರಾ ಪತ್ರವನ್ನು ಎರಡು ಸಲ ಓದಿದಳು.

"ಇದನ್ನ ಯಾರು ಟೈಪ್ ಮಾಡಿದ್ರಬ್ಬಾ?"

"ನಾನ."

"ನಾ ಅವನ್ನ ನೋಡೇ ಇಲ್ಲ ಅಂತ ಹೇಳೀನಿ. ಇದನ್ನ ಕಳಿಸಿದ್ರ ನಾ ಸುಳ್ಳುಬುರುಕಿ ಆಗ್ತೇನಿ. ಅದು ನಿನಗ ತಿಳೀಲಿಲ್ಲೇನು?"

ಅವನು ನೆಲ ನೋಡಿದ. ಸಾಯಿರಾ ಅವನ ಮುಖ ನೋಡಿದಳು. ಅವಳು ಸಾಕ್ಷಿಗಳ ಮುಖ ಓದಿ ಕಲಿತ ಹುಡುಗಿ.

"ಅನೂಪನ ಡೈರಿ ಬರದವ್ರು ಯಾರು?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

"ಅದನ್ನೂ ನೀನ?"

ದಾದಾಸಾಬ ತಲೆ ಆಡಿಸಿದ. ಒಲೆಯ ಮುಂದಿದ್ದ ರಹಿಮಾಬಿ ಎದ್ದು ಬಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಎದುರಾಡದ ಹೆಂಗಸು ಅವಳೇನೂ ಅಲ್ಲ, ಆದರೆ ಅಂದಿನಂತೆ ಎಂದೂ ಆಡಿರಲಿಲ್ಲ. "ಮಗಳ ಬಾಯಾಗಿನ ತುತ್ತು ಕಸ್ಗೊಂಡು ಮಂದಿ ಮಗಗ ಉಣಿಸಿ ಬಂದಿ. ಅವರು ಬೆನ್ನ ಮ್ಯಾಲ ಕೈ ಆಡಿಸಿದ್ರ ಸಾಕು ನಿನಗ, ಮನಿ ಸುಟ್ಟರೂ ಬೂದಿ ಬಳಕೊಂಡು ಕುಂಡರ್ತಿ," ಎಂದಳು. ಸಾಯಿರಾ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಶುಕ್ರವಾರ ದಾದಾಸಾಬ ಆಫೀಸಿಗೆ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹೇಳದೆ ತಪ್ಪಿಸಿದ್ದು ಅದೇ ಮೊದಲು. ಛಾಪಾ ಕಾಗದ ತಂದು, ತನಗೆ ಬರುವ ಒಂದೇ ವಿದ್ಯೆಯಲ್ಲಿ ಒಂದು ಅಫಿಡವಿಟ್ ಬರೆದ. ಟಿಕೋಟಾದ ನಿವಾಸಿ ದಾದಾಸಾಬ ಆದ ನಾನು ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ ಎಂದು ಸುರು ಮಾಡಿ, ಅನೂಪನ ಡೈರಿಯನ್ನು ನನ್ನ ಮಗಳ ಡೈರಿಯಿಂದ ನಾನೇ ನಕಲು ಮಾಡಿದ್ದೇನೆ, ಅವನು ಒಂದು ದಿನವೂ ಹಾಜರಿರಲಿಲ್ಲ ಎಂಬವರೆಗೆ. ಬೇರೆ ಯಾರ ಕಾಗದವನ್ನೂ ನೋಡದೆ ಅವನು ತಾನಾಗಿ ಬರೆದ ಮೊದಲ ಕಾಗದ ಅದು. ನೋಟರಿಗೆ ಹೋಗುವ ಮೊದಲು ಮಗಳ ಮುಂದೆ ಹಿಡಿದ.

ಅವಳು ವಕೀಲಳಂತೆಯೇ ಓದಿದಳು, ಒಂದೊಂದೇ ಸಾಲಿಗೆ ಬೆರಳಿಟ್ಟು.

"ಇದು ಹೋದ್ರ ಸಾಹೇಬ್ರು ಏನಂತಾರ? ನಾ ನಂಬಿ ಸಹಿ ಮಾಡೇನಿ, ಎಲ್ಲಾ ಗುಮಾಸ್ತ ಮಾಡ್ಯಾನ ಅಂತಾರ. ಕೇಸ್ ಆಗೂದು ನಿನ್ನ ಮ್ಯಾಲ. ಹೋಗ್ಲಿ. ಆ ಆಫೀಸಿನ ಒಂದು ಸರ್ಟಿಫಿಕೇಟ್ ಸುಳ್ಳು ಅಂದ ಮ್ಯಾಲ ಅದs ಸಹಿ, ಅದs ಸಿಕ್ಕಾ ಇರೂ ನಂದು ಖರೇ ಅಂತ ಹೆಂಗ ಹೇಳೂದು? ಸುಳ್ಳು ಬರದವ ಅಪ್ಪ, ಲಾಭ ಆಗೂದು ಮಗಳಿಗೆ. ನಾ ಆ ಖುರ್ಚಿ ಮ್ಯಾಲ ಇದ್ರ ನಾನೂ ನಂಬೂದಿಲ್ಲ." ಕಾಗದವನ್ನು ಅವನ ಕೈಗೆ ವಾಪಸು ಕೊಟ್ಟಳು. "ನೀ ಸಾಕ್ಷಿ ಅಲ್ಲ ಅಬ್ಬಾ. ನೀ ಆರೋಪಿ."

ಅವಳು ಹೇಳಿದ್ದರಲ್ಲಿ ಒಂದೂ ತಪ್ಪು ಇರಲಿಲ್ಲ. ಅದೇ ಅವನಿಗೆ ಸಂಕಟವಾಯಿತು. ಇಷ್ಟು ಚೊಕ್ಕ ವಾದವನ್ನು ಅವನು ಆ ಕೋರ್ಟಿನಲ್ಲಿ ಕೇಳಿರಲಿಲ್ಲ, ಕೇಳಿದ್ದು ತನ್ನ ವಿರುದ್ಧವೇ.

ಶನಿವಾರ ಐದಕ್ಕೆ ಹತ್ತು ನಿಮಿಷ ಇರುವಾಗ ಸಾಯಿರಾ ಬೆಂಗಳೂರಿಗೆ ಎರಡು ಸಾಲು ಬರೆದಳು. ನೀವು ಕೇಳಿದ ಪತ್ರ ನನಗೆ ಸಿಗಲಿಲ್ಲ, ನಾನು ಹೇಳಿದ್ದನ್ನು ಬದಲಿಸುವುದಿಲ್ಲ. ಮುಂದಿನ ವಾರ ಅನೂಪನಿಗೆ ಬೆಂಗಳೂರಿನ ಕರೆ ಬಂತು, ಅವನ ತಾಯಿ ಆಫೀಸಿಗೆ ಪೇಢೆ ಕಳಿಸಿದರು. ಹಂಚುವ ಕೆಲಸ ಗುಮಾಸ್ತನದೇ ಅಲ್ಲವೇ, ದಾದಾಸಾಬ ಬಾರ್ ರೂಮಿನಿಂದ ಹಿಡಿದು ಝೆರಾಕ್ಸ್ ಅಂಗಡಿಯವರೆಗೆ ಹಂಚಿದ. ಯಾರು ಬಾಯಿಬಿಟ್ಟರೋ, ಎರಡು ಡೈರಿಯ ಕತೆ ಆ ಪೇಢೆಯ ಜೊತೆಗೇ ಸುತ್ತಿತು. ಒಬ್ಬನೇ ಅಜ್ಜ, ಎರಡು ಮೊಮ್ಮಕ್ಕಳು ಎಂದು ಜೂನಿಯರುಗಳು ನಗಾಡಿದರು.

ಅವನು ಆ ಕೆಲಸ ಬಿಡಬೇಕಿತ್ತು ಎಂದು ನೀವು ಅನ್ನಬಹುದು. ನಾನೂ ಅಂದಿದ್ದೆ. ಐವತ್ತೆರಡರ ಗುಮಾಸ್ತನನ್ನು ಇನ್ನೊಬ್ಬ ವಕೀಲ ಯಾಕೆ ಇಟ್ಟುಕೊಳ್ಳುತ್ತಾನೆ, ಅದೂ ಸೀನಿಯರಿನ ಗುಟ್ಟು ಹೊತ್ತು ಬಂದವನನ್ನು? ಸೋಮವಾರ ಅದೇ ಎಂಟೂವರೆಯ ಬಸ್ಸು ಹತ್ತಿದ. ಸಾಹೇಬರು ಶುಕ್ರವಾರದ ಬಗ್ಗೆ ಏನೂ ಕೇಳಲಿಲ್ಲ. "ಸಾಯಿರಾನ ಪರೀಕ್ಷಾ ಮುಗೀಲಿ, ಇಲ್ಲೇ ಬರಲಿ. ಆಕಿಗೊಂದು ಖುರ್ಚಿ ಹಾಕಸ್ತೀನಿ," ಎಂದರು. ಒಂದು ವರ್ಷ ಮೊದಲು ಆ ಮಾತು ಕೇಳಿದ್ದರೆ ಅವನು ಖುಷಿಯಲ್ಲಿ ಟಿಕೋಟಾದವರೆಗೆ ನಡೆದೇ ಹೋಗುತ್ತಿದ್ದ.

ಸಾಯಿರಾ ಆ ಕುರ್ಚಿಗೆ ಬರಲಿಲ್ಲ. ಡಿಗ್ರಿ ಮುಗಿಸಿ, ಬೆಂಗಳೂರಿಗೆ ಹೋಗಿ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಬಂದು, ವಂದನಾ ಎಂಬ ವಕೀಲರ ಬಾಗಿಲಿಗೆ ತಾನೇ ಹೋದಳು. ಒಬ್ಬರೇ ನಡೆಸುವ ಸಣ್ಣ ಆಫೀಸು, ಜೀವನಾಂಶದ ಕೇಸುಗಳೇ ಹೆಚ್ಚು. ಸಂಬಳ ಬಸ್ಸಿಗೂ ಚಹಾಕ್ಕೂ ಸರಿ. ಆದರೆ ವಕಾಲತ್ತಿನಲ್ಲಿ ನಿನ್ನ ಹೆಸರು ಹಾಕುತ್ತೇನೆ ಎಂದರು ವಂದನಾ. ಮೂರು ವರ್ಷದ ದಾರಿ ಹೀಗೆ ಸುರುವಾಯಿತು. ಹೈಕೋರ್ಟು ಕೈತಪ್ಪಿ ಹೋಯಿತು.

ಮೊದಲ ದಿನ ಬೆಳಿಗ್ಗೆ ಅವಳು ಬಬಲೇಶ್ವರದ ದರ್ಜಿ ಹೊಲಿದ ಕೋಟು ಹಾಕಿ ನಿಂತಾಗ ದಾದಾಸಾಬ ತಾನೂ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಅವನ ಹತ್ತಿರ ಮಗಳಿಗೆ ಕೊಡಲು ಆಸ್ತಿ ಎಂದು ಇದ್ದದ್ದು ಒಂದೇ, ಆ ಕೋರ್ಟಿನ ತುಂಬ ಇರುವ ಗುರುತು. "ನಡಿ, ನಾನs ಎಲ್ಲಾರಿಗೂ ಭೆಟ್ಟಿ ಮಾಡಸ್ತೇನಿ. ಹೊಸಾ ಬೆಂಚ್ ಕ್ಲರ್ಕ್ ಬಂದಾರ, ಬೆಳಗಾವಿ ಕಡೆಯವ್ರು. ಅವರಿಗೂ ಹೇಳ್ತೇನಿ," ಎಂದ.

ಸಾಯಿರಾ ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು. ಇನ್ನೊಬ್ಬರಿಗೆ ನೋವಾಗುತ್ತದೆ ಎಂದು ಗೊತ್ತಿದ್ದೂ ಹೇಳಲೇಬೇಕಾದ ಮಾತನ್ನು ಮೆತ್ತಗೆ ಹೇಳಿದಳು. "ಬ್ಯಾಡಬ್ಬಾ. ನಾ ನಿನ್ನ ಮಗಳು ಅಂತ ಗೊತ್ತಿದ್ದವರಿಗೆ ಗೊತ್ತೈತಿ. ಗೊತ್ತಿಲ್ಲದವರಿಗೆ ನೀ ಹೇಳಬ್ಯಾಡ. ನಿನ್ನ ಹೆಸರು ಬಂತಂದ್ರ ಆ ಡೈರಿ ಬರ್ತೈತಿ. ನಾ ಕೊಡೂ ಕಾಗದ ಜನ ನಂಬಬೇಕು."

ಅವನು ಆಯಿತು ಎಂದ. ಅವಳು ಎಂಟರ ಬಸ್ಸಿಗೆ ಹೋದಳು, ಅವನು ಎಂಟೂವರೆಯದಕ್ಕೆ ಹೋದ.

ಹದಿನೈದು ದಿನ ಕಳೆದಿರಬೇಕು. ಸಾಹೇಬರ ಫೈಲು ಹಿಡಿದು ದಾದಾಸಾಬ ಕೌಟುಂಬಿಕ ನ್ಯಾಯಾಲಯದ ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಸಾಯಿರಾ ಮಾತಾಡುತ್ತಿದ್ದಳು. ಗಂಡ ಬಿಟ್ಟ ಹೆಂಗಸಿನ ಕೇಸು. ಎದುರಿನ ವಕೀಲರು ಮತ್ತೆ ಮುದ್ದತು ಕೇಳಿದರು. ಇದು ಏಳನೆಯ ಮುದ್ದತು, ಹಿಂದಿನ ಆರರ ತಾರೀಖು ಇವು ಎಂದು ಸಾಯಿರಾ ಕಾಗದ ನೋಡದೆ ಒಂದೊಂದಾಗಿ ಹೇಳಿದಳು. ನ್ಯಾಯಾಧೀಶರು ಮುದ್ದತು ಕೊಡಲಿಲ್ಲ. ದಾದಾಸಾಬನಿಗೆ ಕಣ್ಣು ಮಂಜಾಯಿತು. ಯಾರನ್ನಾದರೂ ಹಿಡಿದು ಹೇಳಬೇಕು ಅನಿಸಿತು. ಅಷ್ಟರಲ್ಲಿ ಹೊಸ ಬೆಂಚ್ ಕ್ಲರ್ಕ್ ಹೊರಗೆ ಬಂದು, ಅವನ ಪಕ್ಕ ನಿಂತು, ಒಳಗೆ ಕೈ ತೋರಿಸಿದರು.

"ಭಾರಿ ಹುಡುಗಿ ಅದಾಳ್ರಿ. ಟಿಕೋಟಾದಾಕಿ ಅಂತಲ್ಲ? ನಿಮ್ಮ ಪೈಕಿ ಏನ್ರಿ?"

ಸಾಯಿರಾ ಫೈಲು ಎದೆಗೆ ಒತ್ತಿಕೊಂಡು ಬಾಗಿಲಿಗೇ ಬರುತ್ತಿದ್ದಳು. ಎರಡು ಮಾರು ದೂರ ಇರಲಿಲ್ಲ.

"ಅಲ್ರಿ," ಎಂದ ದಾದಾಸಾಬ. "ನಮ್ಮ ಊರಾಕಿ ಇರಬೇಕು. ನನಗ ಗುರ್ತಿಲ್ಲ."

ಸಾಯಿರಾಗೆ ಕೇಳಿಸಿತು. ಅವಳು ಬೆಂಚ್ ಕ್ಲರ್ಕಿಗೆ ನಮಸ್ಕಾರ ಮಾಡಿ, ಅವನಿಗೆ ದಾರಿ ಬಿಟ್ಟು, ಮುಂದಿನ ಕೋರ್ಟಿನ ಕಡೆಗೆ ಹೋದಳು.